ಹಲಗೆಯ ಮೇಲಿನ ನಾಲ್ಕನೇ ಸಾಲು

ಸಾವಿರದ ಒಂಬೈನೂರ ಎಪ್ಪತ್ತೆಂಟು. ವಿಜಾಪುರದ ಒಂದು ಕಾಲೇಜಿನಲ್ಲಿ ಶಿವಯೋಗೆಪ್ಪ ಮಾಸ್ತರರು ಕಂಪ್ಯೂಟರಿಲ್ಲದೆಯೇ ಕಂಪ್ಯೂಟರ್ ಪಾಠ ಮಾಡುತ್ತಿದ್ದರು. ಕಂಪ್ಯೂಟರು ಒಂದೊಂದರ ವಿವರವನ್ನೂ ಹೇಗೆ ಇಟ್ಟುಕೊಳ್ಳುತ್ತದೆಂದು ತೋರಿಸಲು ವಿದ್ಯಾರ್ಥಿನಿ ಸಕೀನಾಳನ್ನೇ ಒಂದು ‘ವಸ್ತು’ ಮಾಡಿ ಹಲಗೆಯ ಮೇಲೆ ಹೆಸರು, ಊರು, ಅಂಕ ಎಂದು ಮೂರು ಸಾಲು ಬರೆದರು. ಅಂಕ ಇಡೀ ವರ್ಗದಲ್ಲೇ ಹೆಚ್ಚು.

“ಈ ಮೂರು ಗುಣ ಎಲ್ಲಾ ವಸ್ತುವಿಗೂ ಇರತಾವ. ಬೇಕಂದ್ರ ಒಂದಕ್ಕಷ್ಟ ಹೊಸಾ ಗುಣ ಆಮ್ಯಾಲೂ ಹಚ್ಚಬಹುದು. ಸಕೀನಾಗ ಏನ್ ಹಚ್ಚೂಣು, ಹೇಳ್ರಿ?”

“ಗಂಡ ಬಿಟ್ಟಾಕಿ!” ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ.

ವರ್ಗವೆಲ್ಲ ನಕ್ಕಿತು. ಮಾಸ್ತರರೂ ನಕ್ಕರು, ನಕ್ಕು, ನಾಲ್ಕನೇ ಸಾಲಿನಲ್ಲಿ ಅದನ್ನೇ ಬರೆದರು. “ಉದಾಹರಣೆ ಅಷ್ಟವಾ, ತಪ್ಪ ತಿಳಕೋಬ್ಯಾಡ.”

ಆ ಮಾತನ್ನು ತನ್ನೂರು ಕಳ್ಳಕವಟಗಿಯಲ್ಲೇ ಬಿಟ್ಟು ಬಂದೆನೆಂದುಕೊಂಡಿದ್ದ ಸಕೀನಾ ಎದ್ದು ನಿಂತಳು.

“ಹಚ್ಚಿದ್ದನ್ನ ತಗಿಯೂದು ಹ್ಯಾಂಗ್ರಿ ಸರ?”

“ಅದು ಸಿಲೆಬಸ್‌ನ್ಯಾಗ ಇಲ್ಲವಾ. ಕೂಡು.”