ತನ್ನ ಕೈ ತಾನೇ ಕಟ್ಟಿಕೊಳ್ಳುವ ನಿಯಮ

ಮೊಲದಾಟ ಎಂಬ ಕಂಪ್ಯೂಟರ್ ಆಟವನ್ನು ಮಾಡಿದ ಕಂಪನಿ ಬಾಗಿಲು ಹಾಕಿಕೊಂಡು ಹೋಗಿ ಎಷ್ಟೋ ಕಾಲವಾಗಿತ್ತು. ಮೊಲ ಮಾತ್ರ ನಮ್ಮ ಕಂಪ್ಯೂಟರುಗಳಲ್ಲಿ ಜಿಗಿಯುತ್ತಲೇ ಇತ್ತು. ಹಳೆಯ ಲೆವೆಲ್‌ಗಳನ್ನೆಲ್ಲ ಆಡಿ ಸವೆಸಿದ ಮೇಲೆ ನಾವೇ ಹೊಸ ಲೆವೆಲ್ ಕಟ್ಟುವುದನ್ನು ಕಲಿತೆವು. ಎಲ್ಲಿ ಗುಂಡಿ ತೋಡಬೇಕು, ಎಲ್ಲಿ ಮುಳ್ಳು ನೆಡಬೇಕು ಎನ್ನುವ ಯೋಚನೆಯಲ್ಲಿ ನಮ್ಮ ಭಾನುವಾರಗಳು ಹೋದವು. ವರ್ಷಕ್ಕೊಮ್ಮೆ ಸ್ಪರ್ಧೆ. ಜಾಗ, ಇಸ್ತ್ರಿ ಅಕ್ಕನ ಲಾಂಡ್ರಿಯ ಹಿಂದಿನ ಕೋಣೆ. ಮುಂದೆ ಬಟ್ಟೆ ಒಗೆಯುವ ಯಂತ್ರಗಳ ಗುಡುಗುಡು, ಹಿಂದೆ ನಮ್ಮ ಗಲಾಟೆ.

ನಾವೇ ಆಡುವವರು, ನಾವೇ ಅಂಕ ಹಾಕುವವರು. ಹೀಗಾಗಿ ಗೆಲ್ಲುತ್ತಿದ್ದವರು ಯಾವಾಗಲೂ ಗಣಿತದ ಮೇಷ್ಟ್ರು. ಅವರ ಲೆವೆಲ್ ಮುಗಿಸಿದವರು ಯಾರೂ ಇರಲಿಲ್ಲ. ನಮ್ಮ ಕೈಲಾಗದ್ದು ಏನೋ ಭಾರಿಯದೇ ಇರಬೇಕು ಎಂದುಕೊಂಡು ಕಣ್ಣು ಮುಚ್ಚಿ ಅಂಕ ಸುರಿಯುತ್ತಿದ್ದೆವು. ಕಳೆದ ವರ್ಷ ಮಾತ್ರ ಅಕ್ಕ ಗೆದ್ದಳು. ಚಪ್ಪಾಳೆ ನಿಲ್ಲುವ ಮೊದಲೇ ಕೊರಿಯರಣ್ಣ ಪಕ್ಕದವರ ಕಿವಿಯಲ್ಲಿ, "ಜಾಗ ಕೊಟ್ಟಿದ್ದಾರಲ್ಲಾ, ದಾಕ್ಷಿಣ್ಯಕ್ಕೆ ಹಾಕಿರ್ತಾರೆ ಬಿಡಿ" ಎಂದ. ಅವನ ಪಿಸುಮಾತು ಬೀದಿಗೆ ಕೇಳುವಂಥದ್ದು. ಅಕ್ಕ ಅಲ್ಲೇ ಎದ್ದು ನಿಂತು, "ಈ ಗೆಲುವು ನನಗೆ ಬೇಡ" ಎಂದುಬಿಟ್ಟಳು. ಕೊರಿಯರಣ್ಣ ಎಷ್ಟು ಕೈ ಮುಗಿದರೂ ಕೇಳಲಿಲ್ಲ.

ಆ ಮಾತು ಅವಳ ಹೊಟ್ಟೆಯೊಳಗೇ ಕೂತಿತ್ತು. ಈ ವರ್ಷ ಸ್ಪರ್ಧೆಯ ಮಾತೆತ್ತಿದ ಕೂಡಲೇ ಹೇಳಿದಳು: "ಒಂದೇ ಒಂದು ಸಲ ಗೆಲ್ಲಬೇಕು ನಾನು. ಯಾರೂ ಕಮಕ್ ಕಿಮಕ್ ಅನ್ನಬಾರದು, ಹಾಗೆ ಗೆಲ್ಲಬೇಕು. ಸೋತರೂ ಸರಿ, ಹಾಗೇ ಸೋಲಬೇಕು. ಮೊದಲು ನಿಯಮ ಮಾಡೋಣ."

ಮಾಡೋಣ ಎಂದು ಕೂತರೆ, ಒಬ್ಬೊಬ್ಬರ ಬಾಯಿಂದಲೂ ಬಂದದ್ದು ತಂತಮ್ಮ ಅನುಕೂಲದ ನಿಯಮವೇ. ಲೆವೆಲ್ ಕಷ್ಟವಿದ್ದಷ್ಟೂ ಅಂಕ ಜಾಸ್ತಿ ಎಂದರು ಮೇಷ್ಟ್ರು. ಉದ್ದಕ್ಕೆ ಅಂಕ ಎಂದ ಕೊರಿಯರಣ್ಣ. ಅವನ ಲೆವೆಲ್ ಅವನು ದಿನಾ ಸುತ್ತುವ ದಾರಿಯ ಹಾಗೆ, ಮುಗಿಯುವುದೇ ಇಲ್ಲ. ನರ್ಸಮ್ಮ, "ಹೆದರಿಕೆ ಆಗಬೇಕು, ಅದಕ್ಕೆ ಅಂಕ" ಎಂದಳು. ಅವಳ ಮೊಲ ಹುಟ್ಟುವುದೇ ಕಗ್ಗತ್ತಲಲ್ಲಿ. ಅಕ್ಕ, ಚಂದಕ್ಕೆ ಅಂಕ ಎಂದಳು. ಎಂದವಳೇ ನಾಲಿಗೆ ಕಚ್ಚಿಕೊಂಡಳು.

"ನೋಡಿದಿರಾ? ನಾನೂ ಅದನ್ನೇ ಮಾಡಿದೆ. ನನ್ನ ಲೆವೆಲ್ ಚಂದ ಇದೆ, ಅದಕ್ಕೇ ಚಂದ ಅಂದೆ. ಹೀಗೆ ಆಗಲ್ಲ. ಮುಂದಿನ ಭಾನುವಾರ ಎಲ್ಲರೂ ಒಂದೊಂದು ನಿಯಮ ತನ್ನಿ. ನಿಮ್ಮ ಕೈಯನ್ನೇ ಕಟ್ಟಿಹಾಕೋ ನಿಯಮ. ನಿಮಗೇ ಕಷ್ಟ ಆಗಬೇಕು."

"ಇದ್ಯಾವ ಸೀಮೆ ಸ್ಪರ್ಧೆ ಅಕ್ಕಾ?" ಎಂದ ಕೊರಿಯರಣ್ಣ.

"ನಿನ್ನ ಬಾಯಿ ಮುಚ್ಚಿಸೋ ಸ್ಪರ್ಧೆ ಕಣೋ."

ಮುಂದಿನ ಭಾನುವಾರ ಮೇಷ್ಟ್ರು ಎಲ್ಲರಿಗಿಂತ ಮೊದಲು ಬಂದು, ದೊಡ್ಡ ತ್ಯಾಗ ಮಾಡುವವರಂತೆ ಗಂಟಲು ಸರಿಮಾಡಿಕೊಂಡು, "ನಾನು ಈ ಸಲ ಕೆಂಪು ಬಣ್ಣ ಬಳಸೋದಿಲ್ಲ" ಎಂದು ಘೋಷಿಸಿದರು.

"ಯಾವತ್ತು ಬಳಸಿದ್ರಿ ಮೇಷ್ಟ್ರೇ?" ಎಂದಳು ನರ್ಸಮ್ಮ. "ಸೂಜಿ ತೋರಿಸಿದ್ರೆ ಸಾಲದು. ಚುಚ್ಚಬೇಕು."

ಕೋಣೆಯೆಲ್ಲ ನಗು. ಮೇಷ್ಟ್ರ ಕಿವಿ ಕೆಂಪಾಯಿತು. ಅವರು ಹಟದ ಮನುಷ್ಯ, ಮಾತು ಒಂದೊಂದಾಗಿ ಹೊರಹಾಕಿದರು: "ಸರಿ. ಈ ಆಟ ಆಡೇ ಇಲ್ಲದವರು ಆಡಿ ನೋಡಲಿ. ಲೆವೆಲ್ ಕಟ್ಟಿದವರು ಹಿಂದೆ ಕೂರಬೇಕು. ಬಾಯಿ ಬಿಡಬಾರದು."

ಈಗ ಯಾರೂ ನಗಲಿಲ್ಲ. ಮೇಷ್ಟ್ರಿಗೆ ಬಾಯಿ ಮುಚ್ಚಿ ಕೂರುವುದೆಂದರೆ ಉಸಿರು ಕಟ್ಟಿದ ಹಾಗೆ ಎಂದು ಎಲ್ಲರಿಗೂ ಗೊತ್ತಿತ್ತು. "ಇದು ಚುಚ್ತು" ಎಂದು ನರ್ಸಮ್ಮನೇ ಒಪ್ಪಿದಳು. ಅವಳ ನಿಯಮ: ಅಪಾಯ ಯಾವುದೇ ಇರಲಿ, ಮೊಲ ಸಾಯುವ ಮೊದಲು ಅದು ಕಣ್ಣಿಗೆ ಕಾಣಬೇಕು. ಕೊರಿಯರಣ್ಣ ನಿಟ್ಟುಸಿರುಬಿಟ್ಟು, ಒಂದು ಟೀ ಕುಡಿದು ಮುಗಿಸುವಷ್ಟರಲ್ಲಿ ಲೆವೆಲ್ ಮುಗಿಯಬೇಕು ಎಂದ. ತೀರ್ಪು ಕೊಡುವವರು ಬಟ್ಟೆ ಒಗೆಯಲು ಹಾಕಿ ಕಾಯುತ್ತ ಕೂತಿರುವ ಗಿರಾಕಿಗಳು. ಯಾವುದು ಯಾರದೆಂದು ಅವರಿಗೆ ಹೇಳಬಾರದು. ಅಂಕಗಿಂಕ ಇಲ್ಲ, 'ಇನ್ನೊಂದು ಸಲ ಆಡಬೇಕು ಅನ್ನಿಸಿದ್ದು ಯಾವುದು' ಎಂದಷ್ಟೇ ಕೇಳುವುದು. ಇವಿಷ್ಟು ಎಲ್ಲರೂ ಸೇರಿ ಒಪ್ಪಿದ್ದು.

ಕೊನೆಗೆ ಅಕ್ಕ ಮೂಲೆಯಲ್ಲಿದ್ದ, ಬಿಲ್ ಹಾಕಲು ಬಳಸುವ ಹಳೇ ಕಂಪ್ಯೂಟರಿನ ತಲೆಯ ಮೇಲೆ ಕೈಯಿಟ್ಟಳು. ಅದಕ್ಕೆ ನಾವು ಮುದುಕಪ್ಪ ಎನ್ನುತ್ತಿದ್ದೆವು. "ಎಲ್ಲ ಲೆವೆಲ್ಲೂ ಮುದುಕಪ್ಪನ ಮೇಲೇ ನಡೀಬೇಕು. ಮನೇಲಿ ಹೊಸ ಮಷೀನ್ ಇರೋರಿಗೆ ಅದರ ಲಾಭ ಸಿಗಬಾರದು."

ಆಗ ತಾನೇ ಒಗೆದ ಬಟ್ಟೆಯ ಬುಟ್ಟಿ ಹೊತ್ತು ಒಳಗೆ ಬಂದ ಭಾವ, ಅಂದರೆ ಅಕ್ಕನ ಗಂಡ, ಅಲ್ಲೇ ನಿಂತರು. "ಲೇ, ಹೊಸ ಮಷೀನ್ ಇರೋದು ನಿನಗೇ ಅಲ್ವೇನೇ? ನಿನ್ನ ಲೆವೆಲ್ ತುಂಬಾ ಹಬೆ, ಹೊಗೆ, ಮೋಡ. ಇದರ ಮೇಲೆ ಮೊಲ ಕಾಲೆತ್ತೋದೇ ಇಲ್ಲ."

"ಅದಕ್ಕೇ ಅದು ನನ್ನ ನಿಯಮ" ಎಂದಳು ಅಕ್ಕ. ಧ್ವನಿ ಮಾತ್ರ ಸ್ವಲ್ಪ ಸಣ್ಣಗಿತ್ತು.

ಭಾವ ಹೇಳಿದ್ದು ನಿಜವೇ ಆಯಿತು. ಮುದುಕಪ್ಪನ ಮೇಲೆ ಅವಳ ಮೊಲ ಅಂಬಲಿಯಲ್ಲಿ ಬಿದ್ದ ನೊಣದ ಹಾಗೆ ತೆವಳಿತು. ಮಾಡಿದ ಹಬೆಯನ್ನೆಲ್ಲ ಅಳಿಸಬೇಕಾಯಿತು. ಅಳಿಸಿದ ಮೇಲೆ ಇನ್ನೊಂದು ಗುಟ್ಟು ಬಯಲಾಯಿತು: ಹಬೆಯ ಮರೆಯಲ್ಲಿ ಲೆವೆಲ್ ಟೊಳ್ಳಾಗಿತ್ತು. ಚಂದ ಹೋದರೆ ಉಳಿಯುವುದು ಬರೀ ನಡೆಯುವುದು, ಹಾರುವುದು. ವಾರವೆಲ್ಲ ಮುಖ ಊದಿಸಿಕೊಂಡು ಓಡಾಡಿದಳು. ಭಾವ ತಿಂಡಿಗೆ ಕರೆದರೆ, "ನೀವೇ ತಿನ್ನಿ, ನನ್ನ ಮೊಲಕ್ಕೆ ನೆಲ ಸಿಗ್ತಿಲ್ಲ" ಎನ್ನುವಳು.

ನೆಲ ಸಿಕ್ಕಿದ್ದು ಹಿತ್ತಲಲ್ಲಿ, ಹಗ್ಗದ ಮೇಲೆ ದುಪ್ಪಟಿ ಹರವುವಾಗ. ಒದ್ದೆ ದುಪ್ಪಟಿಯ ಭಾರಕ್ಕೆ ಹಗ್ಗ ಜಗ್ಗಿತ್ತು, ಒಣಗಿದ್ದು ಗಾಳಿಗೆ ಪಟಪಟ ಏಳುತ್ತಿತ್ತು. ಅಕ್ಕ ಕ್ಲಿಪ್ಪನ್ನು ಬಾಯಲ್ಲೇ ಕಚ್ಚಿಕೊಂಡು ಒಳಗೆ ಓಡಿದಳು. ಮುಳ್ಳಿಲ್ಲ, ಗುಂಡಿ ಹೆಚ್ಚಿಲ್ಲ. ಉದ್ದಕ್ಕೂ ಹಗ್ಗದ ಮೇಲೆ ಬಟ್ಟೆ. ತೊಟ್ಟಿಕ್ಕುವ ಬಟ್ಟೆಯ ಮೇಲೆ ನೆಗೆದರೆ ಮೊಲ ಕೆಳಗೆ ಜಗ್ಗುತ್ತದೆ, ಒಣಗಿದ್ದರ ಮೇಲೆ ನೆಗೆದರೆ ಆಕಾಶಕ್ಕೆ ಚಿಮ್ಮುತ್ತದೆ. ಅಷ್ಟೇ.

ಸ್ಪರ್ಧೆಯ ದಿನ ಮೂವರು ಗಿರಾಕಿಗಳು ಸಿಕ್ಕರು: ಕಂಬಳಿ ಒಗೆಯಲು ತಂದಿದ್ದ ಒಬ್ಬ ಹೆಂಗಸು, ಒಬ್ಬ ಅಡುಗೆಯವರು, ಒಬ್ಬ ಬಸ್ ಡ್ರೈವರು. ನಾವೆಲ್ಲ ಹಿಂದಿನ ಬೆಂಚಿನಲ್ಲಿ ಸಾಲಾಗಿ ಕೂತೆವು. ಕೊರಿಯರಣ್ಣನ ಪುಟ್ಟ ಲೆವೆಲ್‌ಗೆ ಡ್ರೈವರು ತಲೆದೂಗಿದರು. ನರ್ಸಮ್ಮನ ಕತ್ತಲಿಗೆ ಕಂಬಳಿಯಮ್ಮ ಚೀರಿದರು. ಮೇಷ್ಟ್ರ ಲೆವೆಲ್ ಬಂದಾಗ ನೋಡಬೇಕಿತ್ತು ಅವರ ಅವಸ್ಥೆ. ಅಡುಗೆಯವರು ಒಂದೇ ಮೆಟ್ಟಿಲಿಂದ ಮತ್ತೆ ಮತ್ತೆ ಬೀಳುತ್ತಿದ್ದರೆ, ಮೇಷ್ಟ್ರು ಕರವಸ್ತ್ರ ಬಾಯಿಗೆ ತುರುಕಿಕೊಂಡು ಇಡೀ ಮೈಯಲ್ಲಿ 'ಎಡಕ್ಕೆ, ಎಡಕ್ಕೆ' ಎನ್ನುತ್ತಿದ್ದರು. ಆದರೂ ಒಂದು ಮಾತು ಹೊರಬೀಳಲಿಲ್ಲ. ಅಡುಗೆಯವರು ಕೊನೆಗೆ ದಾಟಿ, ಗೆದ್ದ ಸಂತೋಷಕ್ಕೆ ಮೇಜು ಗುದ್ದಿದರು.

ಅಕ್ಕನ ಲೆವೆಲ್ ಬಂತು. ಕಂಬಳಿಯಮ್ಮ ಮೊದಲ ಬಟ್ಟೆಯ ಮೇಲೆ ಮೊಲವನ್ನು ನಿಲ್ಲಿಸಿ, ಮುಂದಿನದನ್ನು ದಿಟ್ಟಿಸಿದರು. "ಇದು ಒದ್ದೆ, ಕೈಕೊಡತ್ತೆ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡು ಅದರಾಚೆಯ ಒಣ ಬಟ್ಟೆಗೆ ಹಾರಿಸಿದರು. ಮೊಲ ಚಿಮ್ಮಿತು. "ಅಯ್ಯೋ ನನ್ನಪ್ಪಾ!" ಎಂದು ಕೂತಲ್ಲೇ ತಾವೂ ಎದ್ದರು. ಅಕ್ಕ ನನ್ನ ತೋಳು ಹಿಡಿದಿದ್ದಳು, ಉಗುರು ಇಳಿದಿತ್ತು.

ಅಡುಗೆಯವರಿಗೆ ಮತ್ತೆ ಆಡಬೇಕೆನ್ನಿಸಿದ್ದು ಮೆಟ್ಟಿಲಿನದು. ಕಂಬಳಿಯಮ್ಮನಿಗೆ ಬಟ್ಟೆಯದು. ಡ್ರೈವರು ಗಲ್ಲ ಕೆರೆದು ಕೆರೆದು, "ಬಟ್ಟೆದೇ" ಎಂದರು. ಯಾವುದು ಯಾರದೆಂದು ಹೇಳಿದೆವು. ಚಪ್ಪಾಳೆ ಏಳುವಷ್ಟರಲ್ಲಿ ಮೇಷ್ಟ್ರು ಎದ್ದು ನಿಂತರು.

"ಒಂದು ಮಾತು. ತಪ್ಪು ತಿಳ್ಕೋಬೇಡಿ. ಬಟ್ಟೆ ಒಗೆಸೋಕೆ ಬಂದೋರ ಕೈಗೆ ಬಟ್ಟೆ ಲೆವೆಲ್ ಕೊಟ್ರೆ ಅವರು ಇನ್ನೇನಂತಾರೆ?"

ನಾವು ಯಾರೂ ಅದನ್ನು ಯೋಚಿಸಿರಲಿಲ್ಲ. ಕಳೆದ ವರ್ಷದ ಮುಖ ಅಕ್ಕನಿಗೆ ಮತ್ತೆ ಬಂತು. ಗೆಲುವನ್ನು ಮತ್ತೆ ಬಿಟ್ಟುಕೊಡುತ್ತಾಳೆ ಎಂದೇ ಅಂದುಕೊಂಡೆವು. ಅವಳು ಹಾಗೆ ಮಾಡಲಿಲ್ಲ.

"ಮಾತು ನ್ಯಾಯವಾಗಿದೆ" ಎಂದಳು. "ಹೊರಗಿಂದ ಇನ್ನೊಬ್ಬರನ್ನ ಕರ್ಕೊಂಡು ಬನ್ನಿ. ನೀವೇ ಹೋಗಿ. ನಿಮ್ಮ ಮನೆಯವರಾದ್ರೂ ಸರಿ. ಅವರು ನಿಮ್ಮದು ಅಂದ್ರೆ ಗೆದ್ದೋರು ನೀವು."

"ಅಕ್ಕಾ, ತಲೆ ನೆಟ್ಟಗಿದೆಯಾ?" ಎಂದ ಕೊರಿಯರಣ್ಣ. ಈ ಸಲ ಅವನು ಅವಳ ಪಕ್ಷ.

ಮೇಷ್ಟ್ರು ಹೋಗಿ ಕರೆತಂದದ್ದು ಮೂಲೆಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಸ್ವಂತ ತಂಗಿಯನ್ನೇ. ಯಾವುದು ಯಾರದೆಂದು ದಾರಿಯಲ್ಲಿ ಒಂದಕ್ಷರ ಹೇಳಿಲ್ಲವೆಂದು ಆಣೆ ಹಾಕಿದರು. ತಂಗಿ ಕೂತರು, ಮೆಟ್ಟಿಲಿನದು ಆಡಿದರು, ಬಟ್ಟೆಯದು ಆಡಿದರು. ಆಮೇಲೆ ನಾವು ಕೇಳುವ ಮೊದಲೇ ಬಟ್ಟೆಯದನ್ನು ಮತ್ತೆ ಶುರುಮಾಡಿ, ಪರದೆಯಿಂದ ಕಣ್ಣು ತೆಗೆಯದೆ, "ಅಣ್ಣಾ, ಇದು ನಿಂದಾ? ಎಷ್ಟು ಚೆನ್ನಾಗಿದೆಯೋ!" ಎಂದರು.

"ಅಲ್ಲಮ್ಮಾ. ನಂದು ಮೊದಲನೇದು."

"ಓ, ಆ ಹಲ್ಲುನೋವಾ?"

ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ನಕ್ಕುಬಿಟ್ಟರು. ನಗು ಇಳಿದ ಮೇಲೆ ಕೋಣೆಯ ನಡುವೆ ಬಂದು, ಪಾಠ ಒಪ್ಪಿಸಿ ಎನ್ನುವ ಧ್ವನಿಯಲ್ಲಿ, "ಯಾರದಾದ್ರೂ ತಕರಾರು ಇದೆಯಾ?" ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದರು. ಕೊರಿಯರಣ್ಣನನ್ನು ಸ್ವಲ್ಪ ಹೆಚ್ಚೇ ನೋಡಿದರು. ಅವನು ಎರಡೂ ಕೈ ಮೇಲೆತ್ತಿದ.

"ನನ್ನದೂ ಇಲ್ಲ" ಎಂದರು ಮೇಷ್ಟ್ರು. "ಹುಡುಕಿದೆ. ಸಿಗಲಿಲ್ಲ."

ಅಕ್ಕ ಬೆಂಚಿನ ಮೇಲೆ ಹತ್ತಿ ನಿಂತು, ಮುಂದಿನ ಯಂತ್ರಗಳ ಸದ್ದೆಲ್ಲ ಅಡಗುವಂತೆ ಕೂಗಿದಳು: "ರೀ, ಕೇಳಿದ್ರಾ? ಗೆದ್ದೆ!"