ಸೀಸೆಯ ಮೇಲೆ ಅರ್ಧ ಇಂಚು

ಬಿಳಿ ಗೆರೆ ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಸರಿಯುತ್ತಿದೆ, ಟಕಟಕಟಕ, ಮಗಳ ಹಸಿರು ಸ್ಕರ್ಟಿನ ಅಂಚಿಗೆ ದರ್ಜಿ ತಾನೇ ಎಳೆದ ಚಾಕ್‌ಪೀಸಿನ ಗೆರೆ, ಐದಕ್ಕೆ ಅವಳ ಗೆಳತಿಯ ಹುಟ್ಟುಹಬ್ಬ, ಈಗ ಮೂರೂವರೆ — ಆದರೆ ಕಣ್ಣಿಗೆ ಕಟ್ಟಿದ್ದು ಈ ಗೆರೆಯಲ್ಲ, ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿರುವ ಸೀಸೆಯ ಗೆರೆ. ಶನಿವಾರಕ್ಕೊಮ್ಮೆ ಎರಡು ಗುಟುಕು, ಅಷ್ಟೇ, ಯಾರೂ ಆಡಿಕೊಳ್ಳುವಂಥದ್ದಲ್ಲ. ಮಗಳಿಗೆ ಹದಿನಾರು ತುಂಬಿತಲ್ಲ, ಕಣ್ಣಿಟ್ಟಿರಬೇಕು ಅಂತ ಹೋದ ಭಾನುವಾರ ಸೀಸೆಗೂ ಅದೇ ಮೇಣದ ಚಾಕ್‌ಪೀಸಿನಲ್ಲಿ ಗುರುತು ಹಾಕಿದ್ದ, ಇವತ್ತು ಬೆಳಿಗ್ಗೆ ನೋಡಿದರೆ ಮದ್ಯ ಗೆರೆಗಿಂತ ಅರ್ಧ ಇಂಚು ಮೇಲೆ, ಕಡಿಮೆಯಲ್ಲ, ಮೇಲೆ, ಕುಡಿದು ನೀರು ಬೆರೆಸಿದ್ದಾಳೆ, ತಿಂಡಿಗೆ ಕೂತವಳನ್ನು ಕೇಳಿಯೇಬಿಟ್ಟ, ಅವಳು ನಿಧಾನವಾಗಿ ಅಗಿದು ನುಂಗಿ, ಅಪ್ಪಾ, ಕದಿಯೋಳು ಗೆರೆ ನೋಡ್ಕೊಂಡು ನೀರು ಹಾಕಲ್ವಾ, ಬೇಕಾದ್ರೆ ಕಳ್ಳಿ ಅನ್ನು, ಪೆದ್ದಿ ಅಂತ ಮಾತ್ರ ಅನ್ಬೇಡ, ಅಂದಳು. ಹೆಂಡತಿ ಒಲೆಯ ಕಡೆ ತಿರುಗಿ ನಕ್ಕಳು, ಭುಜ ಕುಣಿದದ್ದು ಅವನಿಗೆ ಕಾಣದೇ ಇರುತ್ತದೆಯೇ. ಹೋದ ವಾರ ಮಗಳೇ ಬಂದು ಇದೇ ಹೊಲಿಗೆ ಮೇಜಿಗೆ ಒರಗಿ ಕೇಳಿದ್ದಳು, ಅಪ್ಪಾ, ಹುಟ್ಟುಹಬ್ಬಕ್ಕೆ ಗೆಳತಿಯ ಅಣ್ಣ ಬಿಯರ್ ತರ್ತಾನಂತೆ, ಎಲ್ರೂ ಕುಡಿದ್ರೆ ನಾನೇನು ಹೇಳ್ಲಿ — ಅವನ ಬಾಯ್ತುಂಬ ಗುಂಡುಸೂಜಿ, ಹ್ಞೂಂ ಹ್ಞೂಂ ಅಂದ, ಸೂಜಿ ತೆಗೆದು ಮಾತಾಡಬಹುದಿತ್ತು, ತೆಗೆಯಲಿಲ್ಲ, ಮಗಳಿಗೆ ಉತ್ತರ ಕೊಡುವ ಬದಲು ಸೀಸೆಗೆ ಗೆರೆ ಎಳೆದ, ಭೇಷ್, ದೊಡ್ಡ ಕೆಲಸ.

ಯಂತ್ರ ನಿಂತಿತು. ಸ್ಕರ್ಟಿನ ಅಂಚಿಗೂ ಗೆರೆಗೂ ನಡುವೆ ಅರ್ಧ ಇಂಚು, ಯಾವಾಗಲೂ ಅರ್ಧ ಇಂಚು, ಇಪ್ಪತ್ತೈದು ವರ್ಷದಿಂದ ಕೈಗಂಟಿದ ಅರ್ಧ ಇಂಚು, ಅಂಚಿನ ಮೇಲೇ ಗೆರೆ ಎಳೆಯುವ ದರ್ಜಿ ಎಲ್ಲಿದ್ದಾನೆ, ಹೊಲಿಗೆಗೆ ಬಟ್ಟೆ ಬಿಡಬೇಡವೇ — ಅಯ್ಯೋ, ಸೀಸೆಯಲ್ಲೂ ಮದ್ಯದ ಅಂಚಿಗಿಂತ ಅರ್ಧ ಇಂಚು ಕೆಳಗೆ ಗೆರೆ ಎಳೆದು ಹೊಲಿಗೆಗೆ ಬಿಟ್ಟಿದ್ದಾನೆ. ನೀರೂ ಇಲ್ಲ, ಗೀರೂ ಇಲ್ಲ. ನಗು ಮೂಗಿನಿಂದ ಬಂತು, ಬಾಯಲ್ಲಿ ಸೂಜಿ, ಒಂದೊಂದೇ ತೆಗೆದಿಟ್ಟು ಮಗಳನ್ನು ಕರೆದ, ತಪ್ಪು ನಂದೇ ಕಣಮ್ಮ, ಹೊಲಿಗೆಗೆ ಬಿಟ್ಬಿಟ್ಟಿದ್ದೆ. ಬೆಳಿಗ್ಗೇನೇ ಗೊತ್ತಾಯ್ತು ಬಿಡು, ದರ್ಜಿ ಮಗಳಲ್ವಾ, ಅಂದಳು ಅವಳು. ನೋಡು, ಅಂದ ಅವನು, ಬಿಯರ್ ಕೊಟ್ರೆ ಬೇಡ ಅನ್ನು, ಬಲವಂತ ಮಾಡಿದ್ರೆ ನಮ್ಮಪ್ಪ ಕತ್ತರಿ ಹಿಡ್ಕೊಂಡು ಬರ್ತಾನೆ ಅನ್ನು, ಇರೋಕೆ ಮನಸ್ಸಾಗ್ದಿದ್ರೆ ಫೋನ್ ಮಾಡು, ಬರ್ತೀನಿ, ದಾರೀಲಿ ಒಂದು ಮಾತೂ ಕೇಳಲ್ಲ. ಸರಿ, ಸೂಜಿ ಬಾಯಲ್ಲಿಟ್ಕೊಂಡೇ ಬಾ, ಅಂದಳು, ಆಮೇಲೆ ನಗು ನಿಲ್ಲಿಸಿ, ನನಗೆ ಬೇಡ ಅಂದಿದ್ದು ನಿನಗೆ ಬೇಕಾ ಅಪ್ಪಾ, ಅಂತ ಕೇಳಿದಳು. ಈಗ ಬಾಯಲ್ಲಿ ಒಂದೂ ಸೂಜಿಯಿಲ್ಲ, ಎದ್ದು ಅಡುಗೆಮನೆಗೆ ಹೋದ, ಸ್ಟೂಲು ಹತ್ತಿದ, ಸೀಸೆ ಇಳಿಸಿದ — ಬಿಳಿ ಗೆರೆಗಿಂತ ಅರ್ಧ ಇಂಚು ಮೇಲೆ ಇನ್ನೊಂದು, ನೀಲಿ ಚಾಕ್‌ಪೀಸಿನದು, ಮದ್ಯದ ಮಟ್ಟಕ್ಕೆ ಸರಿಯಾಗಿ, ಪಕ್ಕದಲ್ಲಿ ಅವಳ ಗುಂಡು ಅಕ್ಷರದಲ್ಲಿ, ಅಪ್ಪನ ಅಳತೆ ಅಂತ. ಇವಳು ಯಾವಾಗಿಂದ ತನ್ನನ್ನು ಅಳೆಯುತ್ತಿದ್ದಾಳೆ, ಸೀಸೆಯನ್ನು ಸಿಂಕಿಗೆ ಬಗ್ಗಿಸಿದ, ಗುಳುಗುಳು ಸದ್ದು, ಅಲ್ಲಿ ಹೊಲಿಗೆ ಇನ್ನೂ ಅರ್ಧ ಇದೆ, ಇಸ್ತ್ರಿ ಆಗಬೇಕು, ನಾಲ್ಕಾಯಿತೋ ಏನೋ, ಖಾಲಿ ಗಾಜು, ಅದರ ಮೇಲೆ ನೀಲಿ ಗೆರೆ, ಕೂದಲೆಳೆಯಷ್ಟೂ ಆಚೀಚೆಯಿಲ್ಲದ ನೀಲಿ ಗೆರೆ.