ಗುಬ್ಬಿ ಎದ್ದಿರುವಾಗಲೇ ಇಂಟರ್‌ವ್ಯೂ

ನಮ್ಮ ಮನೆಯಲ್ಲಿ ಗುಬ್ಬಿ ಮಲಗಿದಳೆಂದರೆ ಮಿಕ್ಸಿ ಕೂಡ ಬಾಯಿ ಮುಚ್ಚಿಕೊಂಡಿರಬೇಕು. ಗುಬ್ಬಿ ನನ್ನ ಮಗಳು, ಈಗಷ್ಟೇ ನಾಲ್ಕು ತುಂಬಿದೆ. ಚಮಚ ಬಿದ್ದರೂ ಎದ್ದು ಕೂರುವಂಥ ನಿದ್ದೆ ಅವಳದು. ಹಾಗಾಗಿ ಮಧ್ಯಾಹ್ನ ಅತ್ತೆಯೂ ನಾನೂ ಕಣ್ಣಿನಲ್ಲೇ ಮಾತಾಡುತ್ತೇವೆ. ಕುಕ್ಕರ್ ಇಡಲೇ ಎಂದು ಅವರು ಹುಬ್ಬೇರಿಸಿದರೆ, ಬೇಡ ಎಂದು ನಾನು ತಲೆಯಾಡಿಸುತ್ತೇನೆ.

ಇಂಟರ್‌ವ್ಯೂಗಳನ್ನು ನಾನು ಆ ಹೊತ್ತಿಗೇ ಕೇಳಿ ಇರಿಸಿಕೊಳ್ಳುತ್ತಿದ್ದೆ. ಗುಬ್ಬಿ ಹುಟ್ಟುವ ಮೊದಲು ನಾನು ಸಾಫ್ಟ್‌ವೇರ್ ಇಂಜಿನಿಯರ್. ಬಿಟ್ಟ ಕೆಲಸಕ್ಕೆ ಮರಳಬೇಕೆಂಬ ಆಸೆ ಒಳಗೇ ಕುದಿಯುತ್ತಿತ್ತು. ಆ ಕೆಲಸ ಮಾಡುವಾಗಿನ ನಾನು ನನಗೆ ತುಂಬ ಇಷ್ಟವಾಗಿದ್ದೆ. ಇನ್ನೂ ತಡಮಾಡಿದರೆ ಆ ಹಳೆಯವಳು ನನಗೇ ಅಪರಿಚಿತಳಾಗಿಬಿಡುತ್ತಾಳೇನೋ ಎಂಬ ಭಯ.

ಬಟ್ಟೆ ಮಡಚುವ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಮನೆಯ ಹಳೇ ಪೈಜಾಮ ಹಾಕಿ ಕೂರುತ್ತಿದ್ದೆ. ಪರದೆಯ ಆಚೆಯವರು ಸಮಸ್ಯೆ ಕೊಡುತ್ತಿದ್ದರು, ನಾನು ಬಿಡಿಸುತ್ತಿದ್ದೆ. ಬಹಳ ಸಲ ಸರಿಯಾಗಿಯೇ. ಆದರೂ ಒಂದಾದ ಮೇಲೊಂದು ‘ಕ್ಷಮಿಸಿ’ ಎನ್ನುವ ಮೇಲ್. ಕೊನೆಗೊಮ್ಮೆ ತಡೆಯಲಾರದೆ, ಇಂಟರ್‌ವ್ಯೂ ಗೊತ್ತುಮಾಡಿದ್ದ ಎಚ್‌ಆರ್ ಹುಡುಗಿಗೇ ಫೋನ್ ಮಾಡಿದೆ.

“ಹೇಳಬಾರದು ಮೇಡಂ, ಆದ್ರೂ ಹೇಳ್ತೀನಿ,” ಎಂದಳು. “ಉತ್ತರ ಸರಿ ಇತ್ತಂತೆ. ಆದ್ರೆ ನೀವು ಮಾತೇ ಆಡ್ಲಿಲ್ವಂತೆ. ನೀವು ಹೇಗೆ ಯೋಚನೆ ಮಾಡ್ತೀರ ಅಂತ ಅವರಿಗೆ ಕೇಳಿಸ್ಬೇಕು. ನೆಟ್ ಹೋಯ್ತೇನೋ ಅಂತ ಎರಡು ಸಲ ವೈರ್ ಅಲ್ಲಾಡಿಸಿದ್ರಂತೆ.”

ಅತ್ತೆಗೆ ಹೇಳಿದರೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಗುಬ್ಬಿ ಮಲಗಿದ್ದಾಗ ನಿನ್ನ ಬಾಯಿಂದ ಮಾತು ಹೊರಡತ್ತೇನೇ? ನಾನು ಸೀನು ಬಂದ್ರೂ ಬಚ್ಚಲಿಗೆ ಓಡ್ತೀನಿ! ಇನ್ಮೇಲೆ ಅವಳು ಎದ್ದಿರೋವಾಗ್ಲೇ ಇಟ್ಕೋ. ನಾನು ನೋಡ್ಕೋತೀನಿ.”

ಜೋರಾಗಿ ಯೋಚಿಸುವ ಅಭ್ಯಾಸವಾಗಲೆಂದು, ಅಂದಿನಿಂದ ನನ್ನ ತಲೆಗೆ ಬಂದದ್ದೆಲ್ಲ ಗುಬ್ಬಿಯ ಕಿವಿಗೆ.

“ಸಾಕ್ಸ್ ಜೋಡಿಸ್ಬೇಕು ಬಂಗಾರ. ಒಂದೊಂದಕ್ಕೂ ಇಡೀ ರಾಶಿ ಕೆದಕೋದಾ?”

“ಆಮೇಲೆ?”

“ಊಹೂಂ, ಅದು ದಡ್ಡತನ. ಮೊದಲು ಬಣ್ಣ ಬೇರೆ ಮಾಡೋಣ.”

“ಆಮೇಲೆ?”

ನಾನು ನಿಲ್ಲಿಸಿದರೆ ಸಾಕು, ಅಂಗಿಯ ತುದಿ ಜಗ್ಗಿ “ಆಮೇಲೆ?” ಎನ್ನುತ್ತಿದ್ದಳು. ತಪ್ಪು ಹೇಳಿದರೂ ಅವಳಿಗೆ ಬೇಸರವಿಲ್ಲ. ಸುಮ್ಮನಿದ್ದರೆ ಮಾತ್ರ ಬೇಸರ.

ಅದೇ ಎಚ್‌ಆರ್ ಹುಡುಗಿ ಗೊತ್ತುಮಾಡಿದ ಮುಂದಿನ ಇಂಟರ್‌ವ್ಯೂ ಬೆಳಿಗ್ಗೆ. ದಪ್ಪ ಕನ್ನಡಕದ ಹಿರಿಯ ಇಂಜಿನಿಯರೊಬ್ಬರು ಪರದೆಯ ಮೇಲೆ ಬಂದರು. ನಗುವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಬಂದಂತಿತ್ತು ಮುಖ. ದೊಡ್ಡ ಕಟ್ಟಡವೊಂದರ ಲಿಫ್ಟ್ ಯಾರ ಬಳಿಗೆ ಮೊದಲು ಹೋಗಬೇಕು ಎಂದು ತೀರ್ಮಾನಿಸುವ ಪ್ರೋಗ್ರಾಂ ಬರೆಯಬೇಕಿತ್ತು. ಬಾಗಿಲ ಆಚೆ ಗುಬ್ಬಿ ಡಬ್ಬಿ ಬಡಿಯುತ್ತಿದ್ದಳು. ಆ ಸದ್ದಿಗೆ ನನಗೆ ಧೈರ್ಯ ಬಂತು.

“ಮೊದಲು ಗುಂಡಿ ಒತ್ತಿದವರ ಹತ್ರ ಮೊದಲು ಹೋಗ್ಲಿ,” ಎಂದು ಶುರುಮಾಡಿದೆ. “ಅಲ್ಲ, ತಪ್ಪಾಯ್ತು. ಹಾಗಾದ್ರೆ ಲಿಫ್ಟು ಮೇಲಕ್ಕೂ ಕೆಳಕ್ಕೂ ಸುಮ್ನೆ ಅಲೆಯತ್ತೆ. ದಾರೀಲಿ ನಿಂತವರು ನೋಡ್ತಾನೇ ಇರ್ಬೇಕು.” ಹಿಂದಾಗಿದ್ದರೆ ಆ ತಪ್ಪನ್ನು ಯಾರಿಗೂ ತೋರಿಸದೆ ಒಳಗೇ ಒರೆಸಿಹಾಕುತ್ತಿದ್ದೆ. ಈಗ ಒರೆಸುವುದೂ ಅವರಿಗೆ ಕಾಣುತ್ತಿತ್ತು. ಅಷ್ಟರಲ್ಲಿ ಹಳೇ ಅಭ್ಯಾಸ ಮರಳಿತು. ಉಳಿದದ್ದನ್ನು ಮನಸ್ಸಿನಲ್ಲೇ ಬಿಡಿಸತೊಡಗಿದೆ.

“ಆಮೇಲೆ?” ಎಂದರು ಅವರು.

“ಆಮೇಲೆ ಏನಾಗತ್ತೆ, ನೀನೇ ಹೇಳು ಬಂಗಾರ?”

ಬಾಯಿ ತಪ್ಪಿ ಬಂದುಬಿಟ್ಟಿತು. ಬಾಗಿಲ ಆಚೆಯ ಡಬ್ಬಿಯ ಸದ್ದೂ ಅದೇ ಗಳಿಗೆಯಲ್ಲಿ ನಿಂತುಹೋಯಿತು. ನನ್ನ ಕಿವಿ ಬಿಸಿಯಾಯಿತು. ಲ್ಯಾಪ್‌ಟಾಪ್ ಮುಚ್ಚಿ ಮೇಜಿನ ಕೆಳಗೆ ಕೂರೋಣವೆನಿಸಿತು.

ಅವರು ಕನ್ನಡಕ ತೆಗೆದು ನಿಧಾನವಾಗಿ ಒರೆಸಿದರು. “ನನ್ನನ್ನ ಹಾಗೆ ಕರೆದು ಎಷ್ಟು ಕಾಲ ಆಯ್ತೋ,” ಎಂದರು. ಬೀರುವಿನ ಬೀಗ ತೆಗೆದಿತ್ತು. “ಇರ್ಲಿ, ಹೇಳ್ತೀನಿ. ಮೇಲೆ ಹೋಗೋ ಲಿಫ್ಟು ದಾರೀಲಿ ಸಿಕ್ಕವರನ್ನೆಲ್ಲ ಹತ್ತಿಸಿಕೊಳ್ಳತ್ತೆ.”

“ಎಲ್ಲರನ್ನೂ ಅಲ್ಲ ಸಾರ್. ಮೇಲೆ ಹೋಗೋರನ್ನ ಮಾತ್ರ. ಕೆಳಗೆ ಹೋಗೋರನ್ನ ವಾಪಸ್ ಬರೋವಾಗ.”

“ಹೌದಲ್ವಾ! ಆಮೇಲೆ?”

ಪರೀಕ್ಷೆ ಎಂಬುದೇ ಮರೆತುಹೋಯಿತು. ಒಂದೇ ಮೇಜಿಗೆ ಕೂತು ಕೆಲಸ ಮಾಡುವವರಂತೆ ಇಬ್ಬರೂ ಮಾತಾಡುತ್ತ ಹೋದೆವು.

ಫೋನ್ ಬಂದದ್ದು ಕೆಲವು ದಿನಗಳ ಮೇಲೆ, ಮಧ್ಯಾಹ್ನ. ಗುಬ್ಬಿ ಆಗತಾನೇ ಕಣ್ಣು ಮುಚ್ಚಿದ್ದಳು. ಬಾಲ್ಕನಿಗೆ ಓಡಿ, ಒದ್ದೆ ಬಟ್ಟೆಗಳ ನಡುವೆ ನಿಂತು ಪಿಸುದನಿಯಲ್ಲಿ “ಹಲೋ” ಎಂದೆ.

“ಮೇಡಂ, ಆಯ್ತು! ಯಾವತ್ತು ಸೇರ್ತೀರ?” ಎಂದಳು ಎಚ್‌ಆರ್ ಹುಡುಗಿ. “ಆಫೀಸಲ್ಲೂ ಹೀಗೇ ಜೋರಾಗಿ ಯೋಚನೆ ಮಾಡ್ಬೇಕಂತೆ. ಬಂಗಾರ ಒಂದು ಬೇಡವಂತೆ.”

ಒಳಗೆ ಬಂದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಹುಬ್ಬೇರಿಸಿದರು. ನಾನು ಹೌದೆಂದು ತಲೆಯಾಡಿಸಿದೆ. ಇನ್ನೊಮ್ಮೆ ಆಡಿಸಿದೆ, ನನಗೇ ನಂಬಿಕೆ ಬರಲಿ ಎಂದು. ಅವರು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡರು. ಬಚ್ಚಲಿನ ಕಡೆ ನೋಡಿದರು, ಮಲಗಿದ್ದ ಮೊಮ್ಮಗಳ ಕಡೆ ನೋಡಿದರು.

“ಏಳ್ಲಿ ಬಿಡೇ!” ಎಂದು ಕೂಗಿ, ಖಾಲಿ ಮಿಕ್ಸಿಯ ಗುಂಡಿ ತಿರುಗಿಸಿಯೇಬಿಟ್ಟರು.